ಹಯಾತಿ

ನವೆಂಬರ್ ಬಂತಂದ್ರ ನಾವು ಬ್ಯಾಂಕಿಗೆ ಹೋಗಿ
ಇನ್ನೂ ಜೀವಂತ ಅದೇವಿ ಅಂತ ತೋರಿಸಿ ಬರಬೇಕು.
ಬೆಳಗಾವಿ ಕ್ಯಾಂಪು, ಹತ್ತೂವರಿ ಬಿಸಲು,
ಮಫ್ಲರು, ಮೊಣಕಾಲ ನೋವು, ಪೆನ್ಶನ್ ಬುಕ್ಕು.
ಲಗಮಣ್ಣ ಎಲ್ಲಾರನ್ನೂ ಮುಂದ ಬಿಡತಾನ,
"ನೀವ ಹೋಗ್ರಿ, ನಂದೇನ ಅವಸರಿಲ್ಲ."
ತಾನು ಕಟ್ಟಕಡೀಕ, ಗ್ವಾಡಿಗೆ ಬೆನ್ನು ಹಚ್ಚಿ.
ಇಪ್ಪತ್ತು ವರ್ಷ ನಾ ಅದನ್ನ ಸಭ್ಯತನ ಅಂದುಕೊಂಡಿದ್ದೆ.

ಒಂದು ಹಳೇ ಮಾತು ಹೇಳಬೇಕು.
ಮಿಲ್ಟ್ರಿ ಕ್ಯಾಂಟೀನಿನ ಪಾಳಿ. ಅವನ ಕೈಯಾಗ
ಎರಡು ರಮ್ಮು, ಆರು ಸಾಬೂನು, ಕುಕ್ಕರಿನ ಚೀಟಿ.
ಯಾರೋ ಪೇಪರ್ ಓದಾಕತ್ತಿದ್ರು,
ಎಲ್ಲೋ ಹಾಸ್ಟೆಲಿನಾಗ ಒಬ್ಬ ಹುಡುಗನ ಮ್ಯಾಲ ಆದದ್ದು.
"ಗಂಡಸಿಗೆ ಹೆಂಗ ಆಗತೈತೋ ಅದು?" ಅಂದ ಒಬ್ಬ.
ಲಗಮಣ್ಣ ಮೆಲ್ಲಕ,
"ಆಗತೈತಿ. ಪಲ್ಟನ್ನಿನಾಗ ನನಗ ಒಬ್ಬ ಉಸ್ತಾದ..."
ನಾ ನಕ್ಕೆ.
ಎಲ್ಲಾರಕಿಂತ ಮೊದಲ, ಎಲ್ಲಾರಕಿಂತ ಜೋರ.
ಅವ ಆ ಮಾತು ಅರ್ಧಕ್ಕ ಮಡಚಿ
ಸಾಬೂನಿನ ಜೋಡಿ ಚೀಲದಾಗ ಇಟ್ಟುಕೊಂಡು ಮನಿಗೆ ಹೋದ.

ಆ ಶಬ್ದಕ್ಕ ನಾವು ಸೀರಿ ಉಡಿಸಿಬಿಟ್ಟೇವಿ.
ಮೀಸಿ ಇದ್ದಾವ ಅದನ್ನ ನುಡಿಯಾಕ ಹೋದ್ರ
ನಗು ಬರತೈತಿ ನಮಗ.
ಗುಂಡು ಬಡದ್ರ ಪದಕ, ಹಿಮ ತಿಂದ ಬೆರಳಿಗೆ ಪರ್ಸೆಂಟೇಜು.
ಇದಕ್ಕ ಫಾರ್ಮಿನಾಗ ಕಾಲಮ್ಮೇ ಇಲ್ಲ.

ಇವತ್ತ ಮಷೀನು ಅವನ ಹೆಬ್ಬಟ್ಟು ಓದಲಿಲ್ಲ.
"ಒರಸಿ ಇನ್ನೊಮ್ಮೆ ಒತ್ತರಿ ಅಜ್ಜಾರ" ಅಂದಳು ಕೌಂಟರಿನ ಹುಡುಗಿ.
ಮೂರನೇ ಸಲಕ್ಕೂ ಕೆಂಪು ದೀಪ.
"ನಾ ಇಲ್ಲಂತ ನೋಡು" ಅಂತ ನನ್ನ ಕಡೆ ತಿರುಗಿ ನಕ್ಕ.
ಆ ನಗಿ ನಂದು. ಆವತ್ತ ನಾನ ಕೊಟ್ಟದ್ದು.

ಸ್ಕೂಟರ್ ಮ್ಯಾಲ ತಿರುಗಿ ಬರೂವಾಗ
ದೇಸೂರ ಗೇಟು ಬಿದ್ದಿತ್ತು.
ಚಹಾದಂಗಡಿ ಬೆಂಚಿನ ಮ್ಯಾಲ ಕುಂತು ಹೇಳಿದೆ,
"ಆವತ್ತ ಕ್ಯಾಂಟೀನಿನಾಗ ನೀ ಏನೋ ಹೇಳಾಕ ಹೊಂಟಿದ್ದಿ.
ನಾ ನಕ್ಕೆ. ತಪ್ಪಾತು.
ಈಗ ಹೇಳತಿದ್ರ ಹೇಳು.
ಹೇಳದಿದ್ರೂ ಚಹಾ ಕುಡಿ."

ಅವ ಹಳಿ ಕಡೆ ನೋಡಕೋತ ಕುಂತ.
ಅದಿರಿನ ಗೂಡ್ಸು ಬಂತು, ಬೆಂಚು ನಡಗಿತು,
ಆ ಗದ್ದಲದೊಳಗ ಅವ ಬಾಯಿ ಬಿಟ್ಟ.
ತುಟಿ ಅಷ್ಟ ಕಾಣತಿದ್ದವು.
ಡಬ್ಬಿ ಡಬ್ಬಿ ನಡುವಿನ ಸಂದ್ಯಾಗ
ಒಂದೊಂದ ಶಬ್ದ ದಾಟಿ ಬಂತು:
ತಂಬು. ಟಾರ್ಚು. ನಾಲ್ಕು ರಾತ್ರಿ. ರಿಪೋರ್ಟು.
"ಮರ್ದ್ ಬನ್."
ನಾ "ಏನಂದಿ?" ಅನ್ನಲಿಲ್ಲ.
ಅವನ ಚಹಾದ ಮ್ಯಾಲ ಕೆನಿ ಕಟ್ಟಿತು.
ಐವತ್ತೆಂಟು ಡಬ್ಬಿ. ಕಡೀಕ ಗಾರ್ಡಿಂದು.
ಗಾಡಿ ಮುಗದದ್ದು ಅವನಿಗೆ ತಿಳೀಲಿಲ್ಲ,
ಸುಮ್ಮನಾದ ಜಗತ್ತಿನೊಳಗ ಜೋರಾಗಿ ಬಿತ್ತು ಮಾತು:
"...ಆವಾಗ ನನಗ ಹತ್ತೊಂಬತ್ತು!"

"ಹತ್ತೊಂಬತ್ತಲ್ಲೋ ಯಪ್ಪಾ, ಇಪ್ಪತ್ತು.
ಎರಡು ಚಹಾ" ಅಂದಳು ಒಲಿ ಮುಂದಿನ ಮಾನವ್ವ.
ಲಗಮಣ್ಣ ಆಕೀನ ನೋಡಿದ. ನನ್ನ ನೋಡಿದ.
ಈ ಸಲ ಅವ ಮೊದಲ ನಕ್ಕ,
ಕಣ್ಣಾಗ ನೀರು ಬರೂವಂಗ.
ನಾ ತಡದು, ಆಮ್ಯಾಲ.

ಗೇಟು ಎದ್ದು ಎಷ್ಟೋ ಹೊತ್ತಾಗಿತ್ತು.
"ಶೇವಂತಾಗ ಹೆಂಗ ಹೇಳೂದಲೇ?
ಮೂವತ್ತು ವರ್ಷ ಪಡಸಾಲ್ಯಾಗ ಮಲಗೇನಿ.
ತಂದ ಏನರ ತಪ್ಪೈತಿ ಅಂದ್ಕೊಂಡಾಳ ಆಕಿ."

ನನ್ನ ಹತ್ತರ ಉತ್ತರ ಇರಲಿಲ್ಲ.
ಅವನ ಊರತನಕ ಗಾಡಿ ಸಾವಕಾಶ ಹೊಡದೆ.
ಸೋಮವಾರ ಮತ್ತ ಬ್ಯಾಂಕಿಗೆ ಹೋಗಬೇಕು.