ತೂಕದ ಕೋಣೆಯಿಂದ

ಬೆಳ್ಯಪ್ಪನವರೇ,
ನೀವು ಹಾಕಿಸಿಕೊಟ್ಟ ಮೆತ್ತನೆ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ.
ಅಕ್ಷರ ಬರಬರುತ್ತ ಸಣ್ಣದಾಗುತ್ತದೆ,
ಕನ್ನಡಕ ಹಾಕಿಕೊಳ್ಳಿ.

ಮೊದಲು ಹೋದದ್ದು ಕೈಯಲ್ಲ, ಮೂಗು.
ಆ ವರ್ಷ ಹೂಮಳೆ ಬಿದ್ದ ಎಂಟನೇ ದಿನ,
ಸುಂಟಿಕೊಪ್ಪ ದಾಟುವಾಗ
ಬಸ್ಸಿನವರೆಲ್ಲ ಕಿಟಕಿ ಸರಿಸಿ ಆಹಾ ಎಂದರು.
ನನಗೆ ತೋಟ ಬರೀ ಬೆಳ್ಳಗೆ ಕಂಡಿತು.

ಈಗ ಮೂವತ್ತೊಂಬತ್ತು.
'ಈ ವಯಸ್ಸಿಗಾ?' ಅಂದಿರಿ.
ಡಾಕ್ಟರನ್ನು ನಾನೂ ಅದನ್ನೇ ಕೇಳಿದ್ದೆ.

ಹೇಳಬೇಕಾದ್ದು ಇಷ್ಟು:
ಈ ಕೈ ಸುಮ್ಮನಿದ್ದಾಗಲೇ ನಡುಗುವುದು.
ಚೀಲದ ಬಾಯಿ ಹಿಡಿಸಿ, ಬೀಜ ಆರಿಸಲು ಬಿಡಿ,
ಹಾಲು ಕುಡಿದ ಕೂಸಿನ ಹಾಗೆ ತೆಪ್ಪಗಾಗುತ್ತದೆ.
ನೀವು ಕೊಟ್ಟದ್ದು ವಿಶ್ರಾಂತಿ.

ಹತ್ತಕ್ಕೆ ಮಾತ್ರೆ.
ಅದು ಬೆರಳಿಗಿಳಿಯಲು ಮುಕ್ಕಾಲು ಗಂಟೆ.
ಹತ್ತರ ಲಾರಿ ಹಂಸನಿಗಿರಲಿ,
ಹನ್ನೊಂದರದ್ದು ನನಗೆ.
ಮುಖ ನಗದಿದ್ದರೆ ಮುನಿಸಲ್ಲ,
ಕಾಲೆಳೆದರೆ ಕುಡಿದು ಬಂದವಳಲ್ಲ,
ಕ್ಯಾಂಟೀನಿನಲ್ಲಿ ಇದನ್ನೊಂದು ಸಲ ನೀವೇ ಹೇಳಿದರೆ ಸಾಕು.
ಒಳಗೊಳಗೆ ನಗುತ್ತಲೇ ಇರುತ್ತೇನೆ,
ನಿಮ್ಮ ಜೋಕುಗಳಿಗೆ ಬಿಟ್ಟು.

ಕುರ್ಚಿಯನ್ನು ಆಫೀಸಿಗೆ ವಾಪಸು ಕಳಿಸಿದ್ದೇನೆ.
ನನ್ನ ಸ್ಯಾಂಪಲ್ ಕೊಳವೆ
ಎಲ್ಲಿಟ್ಟಿದ್ದೀರಿ?

ಸಹಿ ಇರುವೆಯಂತೆ ಕಂಡರೆ
ಅದು ಝೀಟಾ ಎಂದು ಓದಿಕೊಳ್ಳಿ.