ಖಡಕ್ ರೊಟ್ಟಿ

ಮೊದಲ ನಾ ಕೈಲೆ ಬರೀತಿದ್ದೆ.
ಕೈಲೆ ಅಂದರ ಹೆಬ್ಬೆರಳಿಲೆ,
ಒಂದು ಕಣ್ಣು ಹಾಲಿನ ಮ್ಯಾಲ, ಒಂದು ಫೋನಿನ ಮ್ಯಾಲ.
ಕಲಬುರಗಿ ಶಹಾಬಜಾರದ ನಮ್ಮ ಓಣಿದಾಗ ಇವತ್ತೇನದ, ಅಷ್ಟೇ:
ನಳ ಬಂತೋ ಇಲ್ಲೋ,
ಪರಸಿ ಮ್ಯಾಲ ಬೆಕ್ಕು ಎಷ್ಟು ಮರಿ ಹಾಕಿತು,
ತೊಗರಿ ಹಸನ ಮಾಡೋ ಮುದುಕಿ ಯಾರಿಗಿ ಬೈದಳು.
ನಾಕು ಸಾಲು. ಒಂದು ಫೋಟೋ, ಅದೂ ಸೊಟ್ಟ.
ಒಮ್ಮೆ ಆರೂ ಹತ್ತಕ್ಕ, ಒಮ್ಮೆ ಏಳಕ್ಕ,
ಕರೆಂಟ್ ಹೋದ ದಿನ ಮಧ್ಯಾಹ್ನಕ್ಕ.

ನೀಲಾಂಬಿಕಾ ಬಂದಳು, ನಮ್ಮ ಅಕ್ಕನ ಮಗಳು,
ತಲಿ ಚುರುಕು, ಬಾಯಿ ಇನ್ನಾ ಚುರುಕು.
"ಚಿಗವ್ವ, ದಿನಾ ಯಾಕ ಒದ್ದಾಡ್ಲತ್ತಿ?
ಐತವಾರ ಕೂತು ಒಂದು ತಿಂಗಳದ್ದು ಬರದಿಡು,
ಟೈಮ್ ಹಚ್ಚಿಡು. ದಿನಾ ಒಂದೊಂದು ತಾನೇ ಹೋಗ್ತಾವ,
ಫೇಸ್‌ಬುಕ್ಕಿಗೂ ಇನ್‌ಸ್ಟಾಕ್ಕೂ ಒಮ್ಮೆಗೇ.
ನೀ ಮಲಕ್ಕೊಂಡಿದ್ದರೂ ಹೋಗ್ತಾವ."

ಖರೇ ಹೇಳ್ತೀನಿ, ಹಗುರ ಅನಿಸ್ತು.
ನಮ್ಮವ್ವ ಬ್ಯಾಸಗಿದಾಗ ಖಡಕ್ ರೊಟ್ಟಿ ಬಡಿದು
ಬಿಳಿ ಅರಿವ್ಯಾಗ ಸುತ್ತಿ ಬುಟ್ಟಿ ತುಂಬ ಇಡ್ತಿದ್ದಳು,
ತಿಂಗಳಾದರೂ ಕೆಡ್ತಿರಲಿಲ್ಲ, ಯಾರು ಬಂದರೂ ಮುರಿದು ಕೊಡೋದೇ.
ಹಂಗ ನಾ ಬೆಳಗು ಬಡಿದಿಟ್ಟೆ.
ಮೂವತ್ತು ಬೆಳಗು, ಆರೂವರಿಗಿ ಒಂದೊಂದು.
ತಪ್ಪಿಲ್ಲ, ಸೊಟ್ಟ ಇಲ್ಲ.

ಎಂಟನೇ ದಿನ ನನಗ ಡೆಂಗಿ ಬಂತು.

ದವಾಖಾನ್ಯಾಗ ಸಲಾಯಿನ್ ಹನಿ ಹನಿ.
ಪ್ಲೇಟ್‌ಲೆಟ್ ಹತ್ತೊಂಬತ್ತು ಸಾವಿರ ಅಂದಳು ನರ್ಸಮ್ಮ,
ಸಂತ್ಯಾಗ ಬದನಿಕಾಯಿ ರೇಟ್ ಹೇಳಿದಂಗ.
ಫೋನ್ ಟಿಣ್ ಅಂತು. ಆರೂವರಿ.
ನೋಡ್ತೀನಿ, ನಾನೇ ಬರದೀನಿ:
"ಇವತ್ತು ಬಿಸಿ ರೊಟ್ಟಿ, ಪುಂಡಿ ಪಲ್ಯ, ಮ್ಯಾಲ ಎಣ್ಣಿ.
ಇನ್ನೇನು ಬೇಕು!"
ಹೊಟ್ಯಾಗ ನೀರೂ ನಿಂದರ್ಲಾರದಾಕಿ ನಾ.
ಆಕಿ ಉಣ್ಲತ್ತಾಳ.
ಅರವತ್ತೆರಡು ಮಂದಿ ಹಾರ್ಟ್ ಒತ್ಯಾರ ಆಕಿಗಿ.

ಹೊಟ್ಟಿಕಿಚ್ಚು ಬಂತು, ಸುಳ್ಳ್ಯಾಕ ಹೇಳಲಿ.
ಮರುದಿನ ಆಕಿ ಮಾಳಿಗಿ ಹತ್ತಿ ಗಿಳಿ ಎಣಿಸಿದಳು.
ಅದರ ಮರುದಿನ ನಕ್ಕಳು, ಏನೋ ಹಳೇ ಮಾತಿಗಿ.
ನಾ ಸುಮ್ಮನಾಗಿದ್ದರ ಯಾರಾದರೂ ಕೇಳ್ತಿದ್ದರು,
ಮಹಾನಂದಕ್ಕ ಎಲ್ಲಿ ಅಂತ.
ಸುಮ್ಮನಿರೋದೂ ಒಂದು ಸುದ್ದೀನೇ ಇತ್ತು ನಂದು.
ಅದೊಂದನ್ನ ಆಕಿ ಹೋಗಗೊಡಲಿಲ್ಲ.

ಐದನೇ ದಿನ ಒಂದು ಮೆಸೇಜ್.
ಚಾಂದಪಾಶಾ, ವಾಡಿ.
ಮುಖ ನೋಡಿಲ್ಲ, ದನಿ ಕೇಳಿಲ್ಲ;
ಜಂಕ್ಷನ್ನಿನ್ಯಾಗ ಮೂವತ್ತೆರಡು ವರ್ಷ ಸಿಗ್ನಲ್ ಕೆಲಸ ಮಾಡಿ
ರಿಟೈರ್ ಆದವರು, ಅಷ್ಟು ಗೊತ್ತು.
"ಬೇಟಿ, ಹನ್ನೆರಡು ದಿನದಿಂದ ನೋಡ್ಲತ್ತೀನಿ.
ದಿನಾ ಆರೂವರಿಗೇ ಬರ್ಲತ್ತದ,
ಒಂದು ಮಿನಿಟ್ ಹಿಂದಿಲ್ಲ, ಮುಂದಿಲ್ಲ.
ನಮ್ಮ ಲೈನಿನ್ಯಾಗ ಗಾಡಿ ಬರೋಬ್ಬರಿ ಟೈಮಿಗಿ ಬಂತಂದರ
ಅದು ನಿನ್ನಿ ಗಾಡಿ.
ಆರಾಮ ಇದ್ದಿ ಹೌದಿಲ್ಲೋ?"

ಗ್ವಾಡಿ ಕಡಿ ಮುಖ ಮಾಡಿ ಅತ್ತೆ.
ಬಲಗೈಗಿ ಸೂಜಿ ಇತ್ತು,
ಎಡಗೈ ಹೆಬ್ಬೆರಳಿಲೆ ಒತ್ತಿದೆ:
"ದವಖನಿದಗ ಅದಿನಿ ಚಚಾ".
ದೀರ್ಘ ಎಲ್ಲಾ ಬಿಟ್ಟೇಹೋಗಿದ್ದವು.
"ಹಾಂ," ಅಂದರು, "ಈಗ ಬಂತು ಗಾಡಿ."

ಮನಿಗಿ ಬಂದ ಮ್ಯಾಲ ನೀಲಾಂಬಿಕಾ ಕೇಳಿದಳು,
ಎಲ್ಲಾ ಅಳಿಸಿಬಿಡ್ಲೇನು?
ಬ್ಯಾಡ, ಟೈಮ್ ಅಷ್ಟು ತಗಿ ಅಂದೆ.
ಇನ್ನಾ ಹದಿನಾಲ್ಕು ಬೆಳಗು ಅಲ್ಲೇ ಅವ.
ಬುಟ್ಟ್ಯಾಗಿನ ರೊಟ್ಟಿ ಯಾರು ಒಗೀತಾರ?
ಊರಿಗಿ ಹೋದಾಗ, ಕೈ ಸೋತಾಗ ಬೇಕಾಗ್ತಾವ.
ಆವಾಗ ಮ್ಯಾಲ ಒಂದು ಸಾಲು ಹಾಕ್ತೀನಿ:
ಇದು ಹಳೇದು, ನಾ ಮನ್ಯಾಗಿಲ್ಲ.

ಇವತ್ತಿಂದು ಆರೂ ಐವತ್ತೆರಡಕ್ಕ ಹೋಗ್ಲತ್ತದ.
ತಡ ಯಾಕಂದರ ಹಾಲು ಉಕ್ಕಿತು.
ಫೋಟೋದಾಗ ಒಲಿ ಹೊಲಸಾಗ್ಯಾದ, ಕಾಣ್ತದ.
ನಳ ಇನ್ನಾ ಬಂದಿಲ್ಲ.