ವಾಳಪೈ ಭಟ್ಟಿಯೊಳಗ

ಗೇರಹಣ್ಣು ತುಳಿದು ತುಳಿದು
ಮೊಣಕಾಲ ತನಕ ಅಂಟು.
ನೊಣಕ್ಕ ನಾವೂ ಹಣ್ಣ.

ಅವತ್ತು ಮುರಗಾಂವ ಬಂದರದಿಂದ ಬಂದಾಂವ
ಕೊರಿಯಾದ ಹಡಗಿನ ಅಡಗಿಯಾಂವ, ಗ್ವಾಕ್ ಅಂತ.
ಭಟ್ಟಿ ನೋಡಿದ್ದೇ ಚಪ್ಪಲಿ ಬಿಟ್ಟ,
ಗುಡಿ ಹೊಕ್ಕಂಗ ಒಳಗ ಬಂದ.

ಕಾಯ್ತಾನಬಾಬಗ ಒಂದು ಬಾಟ್ಲಿ ಕೊಟ್ಟ.
ಅಕ್ಕೀದು. ಸೋಜು.
ಬೂದ್ಯಾಗ ಕಡ್ಡೀಲೆ ಅಕ್ಷರ ಗೀರಿದ:
ಸೋ ಅಂದ್ರ ಸುಡೋದು, ಜು ಅಂದ್ರ ಹೆಂಡ.
ನನಗ ಕನ್ನಡನೂ ಓದಾಕ ಬರೂದಿಲ್ಲ,
ಆದ್ರ ಆ ಅಕ್ಷರದ ಎಡಕ್ಕ ಉರಿ ಕಂಡಿತು.
ಇಪ್ಪತ್ತು ವರ್ಷ ಒಲಿ ಊದಿದಾಕಿಗೆ
ಕಾಣದ ಇರತೈತೇನು?

ಅವನ ಅಜ್ಜಿ ಕೆಸಾಂಗಿನಾಕಿ.
ಆಕಿ ಸೋಜು ಅಂತಿರಲಿಲ್ಲಂತ, "ಆರಾಕ್" ಅಂತಿದ್ಳಂತ.
ಆರಾಕ ಹತ್ತೇತೇನಂತ ನಾ ಗಾಬರ‍್ಯಾಗಿ ಒಲಿ ನೋಡಿದೆ.
ಕಾಯ್ತಾನಬಾಬ ಎದ್ದು ನಿಂತಿದ್ದ: "ಉರ್ರಾಕ್!"
ಮೊದಲ ಸಲ ಇಳಿಸಿದ್ದಕ್ಕ ಇಲ್ಲಿ ಅದ ಹೆಸರು.
ಇಬ್ಬರೂ ಒಬ್ಬರ ಬೆನ್ನ ಒಬ್ಬರು ಬಡಕೊಂಡ್ರು,
ಜಾತ್ರ್ಯಾಗ ಕಳದ ತಮ್ಮ ಸಿಕ್ಕಂಗ.

ಕಟಗಿ ಇಳಸೂ ಮೀರಾಸಾಬ ಮೂಲ್ಯಾಗ ನಕ್ಕ.
"ಅರಬರ ಮಾತದು. ಅರಕ್ ಅಂದ್ರ ಬೆವರು.
ಕೊಡದ ಒಳಗ ಹನಿ ಹಿಡೀತದಲ್ಲ, ಅದು."
ಜನ್ಮದಾಗ ಒಂದು ಗುಟುಕು ಕುಡದಾಂವಲ್ಲ ಅಂವ.

ಫೇಣಿ ಅಂದ್ರ ನೊರಿ, ಅಷ್ಟು ಗೊತ್ತಿತ್ತು.

ಅವರು ಅಕ್ಕೀದೂ ಗೇರೀದೂ ಕೂಡಸಿ ಕುಡದ್ರು,
ನಡುವ ಜಗಳಾನೂ ಆತು, ಯಾವುದು ಹಳೇದಂತ.
ನಾ ಕೊಡದ ಮ್ಯಾಲೆ ತಣ್ಣೀರ ಸುರುವಿದೆ,
ಸೆರಗೀಲೆ ಕುತ್ತಿಗಿ ಒರಸಿದೆ,
ಯಾರೂ ನೋಡವಲ್ರು ಅಂತ
ಸೆರಗ ನಾಲಿಗಿಗೆ ಹಚ್ಚಿ ನೋಡಿದೆ.

ಉಪ್ಪ ಇತ್ತು.
ಸ್ವಲ್ಪ ಗೇರಿನ ವಾಸನಿ.